ಜಾವಾದ ‘ವಾ’: ಮರೆಯಾದ ಒಂದು ಜರ್ಮನ್ ಕಾರು

ಬಂಗಾರಪೇಟೆಯಲ್ಲೋ ಕೆ.ಜಿ.ಎಫ್.ನಲ್ಲೋ ಹಳೆಯ ಜಾವಾ ಮೋಟಾರ್‌ಸೈಕಲ್ ನಿಮ್ಮ ಕಣ್ಣಿಗೆ ಬಿದ್ದರೆ ಅದರ ಹೆಸರನ್ನು ಬಿಡಿಸಿ ಓದಿ: ಜಾ–ವಾ. ಇಂಡೊನೇಷ್ಯದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಜಾ’ ಎಂದರೆ ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಯಾನೆಚೆಕ್. ಚೆಕ್ ಭಾಷೆಯಲ್ಲಿ ‘ಯಾ’ ಎನ್ನುವುದು ನಮ್ಮ ಬಾಯಲ್ಲಿ ‘ಜಾ’ ಆಗಿದೆ. ‘ವಾ’ ಎಂದರೆ ವಾಂಡರರ್, ಅಂದರೆ ಅಲೆಮಾರಿ. ಇದು ಒಂದು ಕಾಲಕ್ಕೆ ಜರ್ಮನಿಯ ಹೆಸರಾಂತ ಕಾರು. ಇಂದು ಅದು ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುತ್ತದೆ.

ವಾಂಡರರ್ ಹುಟ್ಟಿದ್ದು ಸೈಕಲ್ಲಿನಿಂದ. 1885ರಲ್ಲಿ ಸ್ಯಾಕ್ಸನಿಯ ಕೆಮ್ನಿಟ್ಸ್‌ನಲ್ಲಿ ವಿಂಕಲ್‌ಹೋಫರ್ ಮತ್ತು ಯಾನಿಕೆ ಎಂಬ ಇಬ್ಬರು ಸೈಕಲ್ ಅಂಗಡಿ ತೆರೆದರು. 1902ರಲ್ಲಿ ಮೋಟಾರ್‌ಸೈಕಲ್, ಬಳಿಕ ಬೆರಳಚ್ಚು ಯಂತ್ರ, ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಕಾರು – ಹೀಗೆ ಸಂಸ್ಥೆ ಬೆಳೆಯಿತು. ಮೊದಲ ಕಾರಿಗೆ ಜನ ಇಟ್ಟ ಹೆಸರು ‘ಪುಪ್ಶೆನ್’, ಅಂದರೆ ಪುಟ್ಟ ಗೊಂಬೆ. ಶಕ್ತಿ ಕೇವಲ 12 ಅಶ್ವಶಕ್ತಿ. ಆರಂಭದ ಮಾದರಿಯಲ್ಲಿ ಚಾಲಕನ ಪಕ್ಕದಲ್ಲಿ ಆಸನವಿಲ್ಲ. ಬೈಕಿನಲ್ಲಿ ಕೂರುವಂತೆ ಸವಾರ ಅವನ ಬೆನ್ನ ಹಿಂದೆ ಕೂರಬೇಕು!

1920ರ ದಶಕದ ಕೊನೆಗೆ ವಾಂಡರರ್ ದುಬಾರಿಯಾದ ಹೊಸ ಮೋಟಾರ್‌ಸೈಕಲ್ ಒಂದನ್ನು ರೂಪಿಸಿತು. 500 ಸಿ.ಸಿ. ಎಂಜಿನ್, ಒತ್ತಿ ರೂಪಿಸಿದ ಉಕ್ಕಿನ ಚೌಕಟ್ಟು, ಚೈನಿನ ಬದಲು ತಿರುಗುವ ದಂಡದ ಮೂಲಕ ಹಿಂಬದಿ ಚಕ್ರಕ್ಕೆ ಚಲನೆ. ಅದು ಕೈಹಿಡಿಯಲಿಲ್ಲ. 1929ರಲ್ಲಿ ಅದರ ಹಕ್ಕುಗಳನ್ನು ಯಾನೆಚೆಕ್ ಕೊಂಡರು. ಅವರಿಗೂ ಆ ಗಾಡಿಯಿಂದ ಲಾಭವಾಗಲಿಲ್ಲ. ಜಾವಾವನ್ನು ಉಳಿಸಿದ್ದು 1932ರಲ್ಲಿ ಬಂದ ಅಗ್ಗದ 175 ಸಿ.ಸಿ. ಬೈಕು, ಅದರ ಎಂಜಿನ್ ಬ್ರಿಟನ್ನಿನ ವಿಲಿಯರ್ಸ್ ಕಂಪನಿಯದು. ಜರ್ಮನ್ ಯಂತ್ರ ಹೋಯಿತು, ಹೆಸರಿನ ಅರ್ಧ ಉಳಿಯಿತು!

ಕಾರಿನ ಕಥೆ ಏನಾಯಿತು? ಫರ್ಡಿನಾಂಡ್ ಪೋರ್ಷೆ ತಮ್ಮದೇ ವಿನ್ಯಾಸ ಕಚೇರಿ ತೆರೆದಾಗ ಸಿಕ್ಕ ಮೊದಲ ಕೆಲಸಗಳಲ್ಲಿ ವಾಂಡರರ್ ಕಾರಿನ ವಿನ್ಯಾಸವೂ ಒಂದು. ಹೊಸಬರೆಂದು ಗ್ರಾಹಕರು ಹಿಂಜರಿಯಬಾರದೆಂದು ಅವರು ಅದಕ್ಕೆ 1ರ ಬದಲು 7ನೇ ಸಂಖ್ಯೆ ಕೊಟ್ಟರಂತೆ. ಆರ್ಥಿಕ ಮುಗ್ಗಟ್ಟಿನಲ್ಲಿ, 1932ರಲ್ಲಿ, ಆಡಿ, ಡಿ.ಕೆ.ಡಬ್ಲ್ಯೂ., ಹಾರ್ಖ್ ಮತ್ತು ವಾಂಡರರ್‌ನ ಕಾರು ವಿಭಾಗ ಸೇರಿ ‘ಆಟೋ ಯೂನಿಯನ್’ ಆಯಿತು. ಇಂದಿನ ಆಡಿ ಕಾರಿನ ಮೂತಿಯ ಮೇಲಿರುವ ನಾಲ್ಕು ಉಂಗುರಗಳಲ್ಲಿ ಒಂದು ವಾಂಡರರ್‌ನದು.

ಎರಡನೆಯ ಮಹಾಯುದ್ಧದಲ್ಲಿ ನಾಗರಿಕ ಕಾರುಗಳ ತಯಾರಿಕೆ ನಿಂತಿತು. ಆಟೋ ಯೂನಿಯನ್ ಯುದ್ಧಸಾಮಗ್ರಿ ತಯಾರಿಸಿತು. ಅದಕ್ಕಾಗಿ ಸೆರೆಶಿಬಿರಗಳ ಸಾವಿರಾರು ಕೈದಿಗಳನ್ನು ದುಡಿಸಿಕೊಂಡಿತು. ಈ ಭಾಗವನ್ನು ಬಿಟ್ಟು ಕಾರಿನ ಸೊಗಸನ್ನಷ್ಟೇ ವರ್ಣಿಸುವುದು ಸರಿಯಲ್ಲ. ಯುದ್ಧಾನಂತರ ಕೆಮ್ನಿಟ್ಸ್ ಸೋವಿಯತ್ ವಲಯಕ್ಕೆ ಸೇರಿತು. 1949ರಲ್ಲಿ ಪಶ್ಚಿಮದ ಇಂಗೋಲ್‌ಷ್ಟಾಟ್‌ನಲ್ಲಿ ಆಟೋ ಯೂನಿಯನ್ ಮರುಹುಟ್ಟು ಪಡೆದಾಗ ಡಿ.ಕೆ.ಡಬ್ಲ್ಯೂ. ಮರಳಿತು, ವಾಂಡರರ್ ಕಾರು ಮರಳಲೇ ಇಲ್ಲ.

ಆದರೆ ‘ವಾ’ ಮೈಸೂರಿಗೆ ಬಂದಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಒಂದೇ ಸನ್ನೆ ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವುದು ಇಲ್ಲಿನ ಬೈಕಿನ ವಿಶೇಷ. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು.

ಅದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಹೊಗೆ ಹೊರಹೋಗುವ ದಾರಿ ತೆರೆದಿರುವಾಗಲೇ ಹೊಸ ಇಂಧನ ಮಿಶ್ರಣ ಒಳನುಗ್ಗುತ್ತದೆ. ಒಂದಿಷ್ಟು ಉರಿಯದೆಯೇ ಹೊರಬೀಳುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿದು ನೀಲಿ ಹೊಗೆ ಬರುತ್ತದೆ. 1980ರ ದಶಕದ ಮಧ್ಯದಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವ 100 ಸಿ.ಸಿ. ಜಪಾನೀ ವಿನ್ಯಾಸದ ಬೈಕುಗಳು ಬಂದವು. ನಂತರ ಹೊಗೆಯ ಮಿತಿ ಕುರಿತ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನುರಿತ ಕೈಗಳು ಕೆಲಸ ಕಳೆದುಕೊಂಡವು. 2018ರಲ್ಲಿ ಜಾವಾ ಹೆಸರು ಬೇರೊಂದು ಕಂಪನಿಯ ಮೂಲಕ ಭಾರತದ ರಸ್ತೆಗೆ ಮರಳಿತು, ಈ ಸಲ ಫೋರ್ ಸ್ಟ್ರೋಕ್ ಎಂಜಿನ್ನಿನೊಡನೆ.