ಮುತ್ತು ಕಟ್ಟಿದ ದಾರಿ, ಶಾಲೆಯ ದಾರಿ

ನಾನು ಕೊಟ್ಟೂರಿನ ಮೇಷ್ಟ್ರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಈ ಸೀಮೆಯಲ್ಲಿ ಹೆಣ್ಣಿನ ನಡೆನುಡಿಯ ಹುಡುಗನನ್ನು ಕಂಡರೆ ಹಿರಿಯರು ದೇವಿ ಎಲ್ಲಮ್ಮ ಹಿಡಿದಳು ಅನ್ನುತ್ತಿದ್ದರು. ಹುಲಿಗಿಯ ಗುಡಿಯಲ್ಲಿ ದೇವಿಗೆ ಮುಡಿಪೆಂದು ಮುತ್ತು ಕಟ್ಟಿಸಿದರೆ ಅವನು ಜೋಗಪ್ಪ. ಅವನು ತಲೆಯ ಮೇಲೆ ಹೊತ್ತ ದೇವಿಯ ಕೊಡಕ್ಕೆ ಊರು ಕೈಮುಗಿಯುತ್ತಿತ್ತು. ಹೆತ್ತ ಮನೆ ಮಾತ್ರ ದೂರವಾಗುತ್ತಿತ್ತು, ಓದು ನಿಲ್ಲುತ್ತಿತ್ತು.

ಕುರುಗೋಡು ಬಳಿಯ ಕಲ್ಲುಕಂಬದ ಮಂಜಮ್ಮ ಜೋಗತಿಯೂ ಹೀಗೆ ಮುತ್ತು ಕಟ್ಟಿಸಿಕೊಂಡವರು, ಮನೆ ತೊರೆದು ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯ ತಂಡ ಸೇರಿ ಜೋಗತಿ ನೃತ್ಯವನ್ನು ನಾಡಿಗೆಲ್ಲ ತೋರಿಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕೃತಿಯನ್ನು ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ.

ಗಂಡನ್ನೇ ಮೆಚ್ಚುವ ಹುಡುಗ, ಹೆಣ್ಣನ್ನೇ ಮೆಚ್ಚುವ ಹುಡುಗಿಯ ಮಾತೇ ಬೇರೆ. ಅವರಿಗೆ ದೇವರ ಹೆಸರಿನ ಆಸರೆಯೂ ಇರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಇಂಥ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಆ ತೀರ್ಪಿನ ಧೈರ್ಯ ತರಗತಿಗೂ ಬರಬೇಕು. ಇಂಥ ಮಕ್ಕಳನ್ನು ಅಣಕಿಸುವವರನ್ನು ಮೇಷ್ಟ್ರೇ ತಡೆಯಲಿ, ಆ ಮಕ್ಕಳು ನಂಬಿ ಹೇಳಿದ ಗುಟ್ಟನ್ನು ಮನೆಗೆ ಮುಟ್ಟಿಸದಿರಲಿ. ಯಾವ ಮಗುವೂ ಈ ಕಾರಣಕ್ಕೆ ಎಸ್ಸೆಸ್ಸೆಲ್ಸಿಗೆ ಮುಂಚೆ ಶಾಲೆ ಬಿಡಬಾರದು.