ಜೇಡಿಮಣ್ಣು, ಜೈಲು, ಉಪ್ಪಿನ ಕುಡಿಕೆ

ಊಟದ ಮೇಜಿನ ಮೇಲಿಡುವ ಎರಡು ಕುಡಿಕೆಗಳು. ಒಂದು ಉಪ್ಪಿಗೆ, ಒಂದು ಮೆಣಸಿನಪುಡಿಗೆ. ದೊಡ್ಡದರ ಬಾಗಿದ ಮೈಗೆ ಚಿಕ್ಕದನ್ನು ಒರಗಿಸಿಟ್ಟರೆ ತಾಯಿ ಮಗುವನ್ನು ತಬ್ಬಿಕೊಂಡಂತೆಯೇ ಕಾಣುತ್ತದೆ. 1947ರ ಸುಮಾರಿಗೆ ಅಮೆರಿಕದ ರೆಡ್ ವಿಂಗ್ ಕಾರ್ಖಾನೆಗಾಗಿ ಈ ಜೋಡಿಯನ್ನು ರೂಪಿಸಿದವರು ಈವಾ ಝೈಸೆಲ್. ಅದಕ್ಕೆ ಹತ್ತು ವರ್ಷ ಹಿಂದೆ ಅವರು ಸ್ಟಾಲಿನ್ನನ ಕೊಲೆಗೆ ಸಂಚು ಹೂಡಿದ ಆರೋಪ ಹೊತ್ತು ಸೋವಿಯತ್ ಸೆರೆಮನೆಯಲ್ಲಿದ್ದರು.

ಈವಾ ಹುಟ್ಟಿದ್ದು 1906ರಲ್ಲಿ, ಬುಡಾಪೆಸ್ಟಿನಲ್ಲಿ. ತಾಯಿ ಲಾರಾ ಇತಿಹಾಸದ ವಿದ್ವಾಂಸೆ. ಅರ್ಥಶಾಸ್ತ್ರದ ಓದುಗರಿಗೆ ಗೊತ್ತಿರುವ ಕಾರ್ಲ್ ಪೊಲಾನಿ ಸೋದರಮಾವ. ಇಂಥ ಮನೆಯ ಹುಡುಗಿ ಚಿತ್ರಕಲೆಯ ಅಕಾಡೆಮಿ ಬಿಟ್ಟು ಕುಂಬಾರರೊಬ್ಬರ ಬಳಿ ಮಣ್ಣು ಹದ ಮಾಡಲು ಹೋದರು. ಚಿಮಣಿ ಗುಡಿಸುವವರು, ಹೆಂಚು ಹೊದಿಸುವವರು, ಬಾವಿ ತೋಡುವವರು, ಕುಂಬಾರರು ಎಲ್ಲ ಒಟ್ಟಿಗಿದ್ದ ಕಸುಬುದಾರರ ಸಂಘದಲ್ಲಿ ಅರ್ಹತೆ ಪಡೆದ ಮೊದಲ ಹೆಂಗಸು ಅವರೇ.

1928ರಲ್ಲಿ ಜರ್ಮನಿಯ ಶ್ರಾಂಬರ್ಗಿನ ಕಾರ್ಖಾನೆ ಸೇರಿದಾಗ ಕೆಲಸದ ಸ್ವರೂಪವೇ ಬದಲಾಯಿತು. ತಿಗರಿಯ ಮುಂದೆ ಕೂತವರಿಗೆ ಕೈಯೇ ಅಳತೆ. ಇಲ್ಲಿ ಮೊದಲು ಕಾಗದದ ಮೇಲೆ ಗೆರೆ, ಅದರಂತೆ ಪ್ಲಾಸ್ಟರಿನ ಅಚ್ಚು, ಆ ಅಚ್ಚಿನಿಂದ ಬೇರೆಯವರ ಕೈಯಲ್ಲಿ ರಾಶಿ ರಾಶಿ ಬಟ್ಟಲು. ಆಗಿನ ಅವರ ಪಾತ್ರೆಗಳೆಲ್ಲ ಕೈವಾರ, ಅಳತೆಪಟ್ಟಿ ಹಿಡಿದು ಹುಟ್ಟಿದವು.

1932ರಲ್ಲಿ ಕುತೂಹಲಕ್ಕೆಂದೇ ರಷ್ಯಾಕ್ಕೆ ಹೋದರು. ಮೂವತ್ತು ತುಂಬುವ ಮೊದಲೇ ರಷ್ಯಾದ ಪಿಂಗಾಣಿ ಮತ್ತು ಗಾಜಿನ ಉದ್ಯಮದ ಕಲಾ ನಿರ್ದೇಶಕಿಯಾದರು. 1936ರ ಮೇ ತಿಂಗಳಲ್ಲಿ ಬಂಧನ. ಹದಿನಾರು ತಿಂಗಳ ಸೆರೆ, ಹೆಚ್ಚುಭಾಗ ಒಂಟಿ ಕೋಣೆಯಲ್ಲಿ. ತಮ್ಮೊಂದಿಗೆ ತಾವೇ ಮನಸ್ಸಿನಲ್ಲಿ ಚದುರಂಗ ಆಡುತ್ತ ಬುದ್ಧಿ ಕಾಪಾಡಿಕೊಂಡರು. 1937ರ ಸೆಪ್ಟೆಂಬರಿನಲ್ಲಿ ಇದ್ದಕ್ಕಿದ್ದಂತೆ ಬಿಡುಗಡೆ ಮಾಡಿ ವಿಯೆನ್ನಾಕ್ಕೆ ಸಾಗಹಾಕಿದರು. ಬಾಲ್ಯದ ಗೆಳೆಯ ಆರ್ಥರ್ ಕೋಸ್ಲರ್ ಈ ಕಥೆ ಕೇಳಿದ. ಅದರ ಎಷ್ಟೋ ಅಂಶ 1940ರ ‘ಡಾರ್ಕ್‌ನೆಸ್ ಅಟ್ ನೂನ್’ ಕಾದಂಬರಿಗೆ ಇಳಿಯಿತು. ನಮ್ಮಂಥ ಸಾಹಿತ್ಯದ ಓದುಗರಲ್ಲಿ ಹಲವರು ಈವಾರನ್ನು ಆ ಕಾದಂಬರಿಯ ಅಡಿಟಿಪ್ಪಣಿಯಾಗಿ ಮಾತ್ರ ಬಲ್ಲರು. ಅದು ಅನ್ಯಾಯ.

ವಿಯೆನ್ನಾಕ್ಕೆ ನಾಜಿಗಳು ಬಂದಾಗ ಮತ್ತೆ ಓಟ. 1938ರಲ್ಲಿ ಪತಿ ಹಾನ್ಸ್ ಝೈಸೆಲ್ ಜೊತೆ ನ್ಯೂಯಾರ್ಕ್ ತಲುಪಿದರು. ಮರುವರ್ಷದಿಂದ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ: ಮಣ್ಣಿನ ಕೆಲಸವನ್ನು ಕರಕುಶಲವೆಂದಲ್ಲ, ಕಾರ್ಖಾನೆಯ ವಿನ್ಯಾಸವೆಂದು ಕಲಿಸಿದರು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರೊಬ್ಬರ ಪಿಂಗಾಣಿಗೇ ಪ್ರದರ್ಶನ ಏರ್ಪಡಿಸಿತು. ಅಲ್ಲಿದ್ದ ಊಟದ ಸೆಟ್ ಅಚ್ಚ ಬಿಳಿ. ಹೂವಿಲ್ಲ, ಚಿನ್ನದ ಅಂಚಿಲ್ಲ. ‘ಆಧುನಿಕ’ ಎಂದರೆ ನೆಟ್ಟಗೆರೆ ಎಂದು ನಂಬಿದ್ದ ಕಾಲದಲ್ಲಿ ಈ ಪಾತ್ರೆಗಳು ಮೆಲ್ಲಗೆ ಬಾಗಿದ್ದವು.

ಆ ಬಾಗಿಗೆ ಸೆರೆವಾಸವೇ ಕಾರಣ ಎಂದುಬಿಡುವುದು ಸುಲಭ. ನನಗೆ ಒಪ್ಪಿಗೆಯಿಲ್ಲ. ಬಂಧನಕ್ಕೆ ಮುಂಚೆಯೇ, ಲೆನಿನ್‌ಗ್ರಾಡಿನ ಲೊಮೊನೊಸೊವ್ ಕಾರ್ಖಾನೆಯ ಹಳೆಯ ಪಿಂಗಾಣಿ ನೋಡಿ ಅವರ ಗೆರೆ ಮೆದುವಾಗತೊಡಗಿತ್ತು.

ಇಳಿವಯಸ್ಸಿನಲ್ಲಿ ಕಣ್ಣು ಮಂಜಾಯಿತು. ಕಾಗದ ಕತ್ತರಿಸಿ ಆಕಾರ ತೋರಿಸುವರು, ಸಹಾಯಕರು ಮಾಡಿತಂದ ಮಾದರಿಯನ್ನು ಕೈಯಿಂದ ಸವರಿ ತಿದ್ದುವರು. 2000ದಲ್ಲಿ ಅದೇ ಲೊಮೊನೊಸೊವ್ ಕಾರ್ಖಾನೆಗೆ ಮತ್ತೆ ಹೋದರು, ಹೊಸ ಟೀ ಸೆಟ್ಟಿನ ಕೆಲಸಕ್ಕೆ. ತೀರಿಕೊಂಡದ್ದು 2011ರಲ್ಲಿ, 105ನೇ ವಯಸ್ಸಿನಲ್ಲಿ.