ಬಾಯ್ಕಾಟ್ ಅನ್ನೋ ಒಬ್ಬ ಮನುಷ್ಯ

ಕ್ಲಾಸ್ ಬಾಯ್ಕಾಟ್, ಸಿನಿಮಾ ಬಾಯ್ಕಾಟ್, ಚುನಾವಣೆ ಬಾಯ್ಕಾಟ್... ದೂರವಿಡು, ವ್ಯವಹಾರ ಬಿಡು, ಪಾಲ್ಗೊಳ್ಳಬೇಡ ಅನ್ನೋ ಇಷ್ಟೆಲ್ಲಾ ಅರ್ಥದ ಈ ಇಂಗ್ಲಿಷ್ ಕ್ರಿಯಾಪದ ಮೂಲದಲ್ಲಿ ಒಬ್ಬ ಮನುಷ್ಯನ ಹೆಸರು, ಗೊತ್ತಾ?

ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. 1880ರಲ್ಲಿ ಗೇಣಿದಾರರು ಶೇ. 25ರಷ್ಟು ಗೇಣಿ ಇಳಿಸಿ ಅಂದರು. ಜಮೀನ್ದಾರ ಶೇ. 10ಕ್ಕೇ ನಿಂತ. ಬಾಯ್ಕಾಟ್ ಒಕ್ಕಲೆಬ್ಬಿಸಲು ನೋಟೀಸು ಕೊಡಿಸಹೊರಟ.

ಆ ಸೆಪ್ಟೆಂಬರ್ 19ರಂದಷ್ಟೇ ಎನ್ನಿಸ್ ಊರಿನ ಸಭೆಯಲ್ಲಿ ನಾಯಕ ಪಾರ್ನೆಲ್, ಒಕ್ಕಲೆಬ್ಬಿಸಿದವರ ಜಮೀನು ಹಿಡಿದವನನ್ನು ಬೀದಿಯಲ್ಲೂ, ಅಂಗಡಿಯಲ್ಲೂ, ಚರ್ಚಿನಲ್ಲೂ ದೂರವಿಡಿ ಎಂದಿದ್ದ. ಮೇಯೋದ ಜನ ಆ ಅಸ್ತ್ರವನ್ನು ಏಜೆಂಟನ ಮೇಲೇ ಬಿಟ್ಟರು. ಕೂಲಿಗಳು, ಮನೆಯಾಳುಗಳು ಹೊರಟುಹೋದರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೇರೆ ಕಡೆಯಿಂದ 50 ಜನ ಬಂದು ಬೆಳೆ ಕಿತ್ತರು, ಅವರ ಕಾವಲಿಗೆ ಸೈನಿಕರು, ಪೊಲೀಸರು! ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡ್ ಖರ್ಚಾಯಿತು ಅನ್ನುತ್ತಾರೆ. ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಊರು ಬಿಟ್ಟ.

ಇದಕ್ಕೊಂದು ಹೆಸರು ಬೇಕಲ್ಲ? ಆಗಲೇ ಇದ್ದ 'ಆಸ್ಟ್ರಸೈಜ್' ರೈತರಿಗೆ ಅರ್ಥವಾಗೋದಿಲ್ಲ, 'ಬಾಯ್ಕಾಟ್' ಅನ್ನೋಣ ಎಂದವರು ಅಲ್ಲಿನ ಪಾದ್ರಿ ಜಾನ್ ಒಮ್ಯಾಲಿ ಅಂತ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ದಾಖಲಿಸಿದ್ದಾನೆ. 1905ರ ಸ್ವದೇಶಿ ಚಳವಳಿಯ ಹೊತ್ತಿಗೆ ಆ ಪದ ಭಾರತದಲ್ಲೂ ಘೋಷಣೆಯಾಗಿತ್ತು.

ನಾವು ಇದನ್ನು 'ಬಹಿಷ್ಕಾರ' ಅಂತ ಅನುವಾದಿಸ್ತೀವಿ. ಆದರೆ ನೋಡಿ, ನಮ್ಮ ಹಳ್ಳಿಗಳ ಬಹಿಷ್ಕಾರ ಹೆಚ್ಚಾಗಿ ಬಿದ್ದದ್ದು ಬಲವಿಲ್ಲದವರ ಮೇಲೆ, ಮೇಲಿನಿಂದ. ಮೇಯೋದಲ್ಲಿ ಅದು ಕೆಳಗಿನಿಂದ ಎದ್ದಿತು. ಎರಡಕ್ಕೂ ಒಂದೇ ಪದ ಸಾಕೇ? ನೀವೇನಂತೀರಿ?